ನಕಲು ಗುಮಾಸ್ತರ ರಜೆ

ಕನ್ನಡದಲ್ಲಾದರೆ ‘ಶುಕ್ರವಾರದಂದು’ ಎಂದರೆ ಮುಗಿಯಿತು. ಇಂಗ್ಲಿಷಿನ ಶುಕ್ರವಾರಕ್ಕೆ ಮುಂಚೆ ಆನ್ ಹಾಕಬೇಕೋ, ಇನ್ ಹಾಕಬೇಕೋ, ಅಟ್ ಹಾಕಬೇಕೋ ತಿಳಿಯದೆ ಚಿಕ್ಕಮಾದಯ್ಯನವರು ಬೆಳಗಿನಿಂದ ಲೇಖನಿ ಕಚ್ಚುತ್ತ ಕೂತಿದ್ದರು.

ಹುಣಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಅವರು ನಕಲು ಗುಮಾಸ್ತರು. ಮೂಲದಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಇಳಿಸುವುದು ಇಪ್ಪತ್ತು ವರ್ಷದ ಕೆಲಸ. ನಾಡಿದ್ದು ಶುಕ್ರವಾರ ಮಗಳನ್ನು ನೋಡಲು ಪಿರಿಯಾಪಟ್ಟಣದಿಂದ ಗಂಡಿನವರು ಬರುವವರಿದ್ದರು. ಹೊಸ ಸಾಹೇಬರಿಗೋ ರಜೆ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು. ಒಂದು ತಪ್ಪು ಕಂಡರೂ ರಜೆ ಇಲ್ಲ.

ಟಪಾಲು ತಂದ ಪುಟ್ಟಮಲ್ಲಪ್ಪ, “ಅಟ್ ಹಾಕಿ ಸ್ವಾಮಿ. ನಮ್ಮ ಅಂಚೇಲಿ ಗಂಟೆಗೆಲ್ಲ ಅದೇಯ,” ಎಂದ.

ಕಾಫಿ ತಂದ ನಂಜಣ್ಣ ಬಿಡಲಿಲ್ಲ. “ಇನ್ ಕಣ್ರೀ! ಶುಕ್ರವಾರದ ಒಳಗೆ ತಾನೆ ಅವ್ರು ಬರಾದು?”

ಇಬ್ಬರಿಗೂ ಜಗಳ ಹತ್ತಿ, ಕಾಫಿ ಅರ್ಜಿಯ ಮೇಲೆ ಚೆಲ್ಲಿತು.

ಪಕ್ಕದ ಮೇಜಿನ ಸಿದ್ದಯ್ಯನಿಗೆ ಕನಿಕರವಾಯಿತು. “ಮನೇಲಿ ಶುಭಕಾರ್ಯ ಅಂತ ಓದ ವರ್ಸ ನಾನೂ ಒಂದು ಶುಕ್ರವಾರ ರಜ ಆಕಿದ್ದೆ. ತಕ್ಕಳಿ, ಮಂಜೂರಾದ ಅರ್ಜಿ. ತಾರೀಖೊಂದ ಬದಲಾಯ್ಸಿ ನಕಲು ಮಾಡ್ಕಳಿ.”

ಅದರಲ್ಲಿ ಆನ್ ಎಂದಿತ್ತು. ಚಿಕ್ಕಮಾದಯ್ಯನವರು ಮುತ್ತು ಪೋಣಿಸಿದ ಹಾಗೆ ಇಳಿಸಿ ಒಳಗೆ ಕಳಿಸಿದರು. ಬಾಗಿಲ ಸಂದಿಯಿಂದ ಇಣುಕಿದರೆ ಸಾಹೇಬರ ಕೆಂಪು ಪೆನ್ಸಿಲ್ ಶುಕ್ರವಾರದ ಹತ್ತಿರ ನಿಂತಿತು. ಇವರ ಉಸಿರೂ ನಿಂತಿತು. ಪೆನ್ಸಿಲ್ ಮುಂದೆ ಹೋಯಿತು.

“ಭೇಷ್! ಒಂದು ತಪ್ಪಿಲ್ಲ. ಮಂಜೂರು. ಅವತ್ತು ಇನ್ಯಾರೂ ರಜೆ ಕೇಳಕೂಡದು.”

ಸದ್ಯ, ಬದುಕಿದೆ ಎಂದುಕೊಂಡರು. ಅಷ್ಟರಲ್ಲಿ ಜವಾನ ಆ ಕಾಗದವನ್ನು ಒಯ್ದು ಸಿದ್ದಯ್ಯನ ಮೇಜಿನ ಮೇಲಿಟ್ಟ. ಸಿದ್ದಯ್ಯ ಕಣ್ಣು ಕಣ್ಣು ಬಿಟ್ಟ.

“ರಜ ನಂಗೆ ಕೊಟ್ಟವ್ರೆ ಕಣ್ರೀ!”

ಇಪ್ಪತ್ತು ವರ್ಷ ಪಳಗಿದ ಕೈ ಕೊನೆಯ ಸಾಲನ್ನೂ ಬಿಟ್ಟಿರಲಿಲ್ಲ: ‘ಸಹಿ, ಸಿದ್ದಯ್ಯ’.

ಶುಕ್ರವಾರ ಚಿಕ್ಕಮಾದಯ್ಯನವರು ಎರಡು ಮೇಜಿನ ಕೆಲಸ ಮಾಡಿದರು. ಅವರ ಮನೆಯಲ್ಲಿ ಗಂಡಿನವರಿಗೆ ಉಪಚಾರ ಮಾಡಿದವನು ಸಿದ್ದಯ್ಯ. ಸಂಜೆ ಬಾಯಲ್ಲಿ ಕಜ್ಜಾಯವಿರುವಾಗಲೇ ಕಚೇರಿಗೆ ಓಡಿ ಬಂದ.

“ಒಪ್ಪಿದ್ರು ಕಣ್ರೀ! ಉಡುಗೀನೂ ಒಪ್ಪವ್ಳೆ!”

ಚಿಕ್ಕಮಾದಯ್ಯನವರ ಕಣ್ಣು ತುಂಬಿ ಬಂತು. ಎದೆಯ ಮೇಲಿನ ಭಾರ ಇಳಿದು, ಎರಡು ದಿನದಲ್ಲಿ ಮೊದಲ ಸಲ ನಕ್ಕರು.

“ಬರೋ ಸೋಮವಾರ ಬೆಳಗ್ಗೆ ನಿಶ್ಚಿತಾರ್ಥ. ಅವತ್ತು ತಂದೆ ಇರ್ಲೇಬೇಕಂತೆ,” ಎಂದ ಸಿದ್ದಯ್ಯ.

ಚಿಕ್ಕಮಾದಯ್ಯನವರು ಹೊಸ ಹಾಳೆ ತೆಗೆದು, ಎಲ್ಲಕ್ಕಿಂತ ಮೊದಲು ಕೆಳಗೆ ತಮ್ಮ ಹೆಸರನ್ನು ದಪ್ಪಗೆ ಬರೆದರು. ಆಮೇಲೆ ಲೇಖನಿ ಕಚ್ಚಿದರು.

“ಸೋಮವಾರಕ್ಕೆ ಆನ್, ಸರಿ. ಬೆಳಗ್ಗೆಗೆ ಏನ್ ಆಕಾದು ಸಿದ್ದಯ್ಯ?”