ಮಾಲಕರ ಜನಿವಾರದ ಪೆನ್ ಡ್ರೈವ್

ಪುಣೆ ಹತ್ತಿರದ ಚಿಂಚವಾಡದ ನಮ್ಮ ಸಣ್ಣ ಕಾರ್ಖಾನಿಗೆ ಹೊಸಾ ಸಾಮಾನು ಬಂತಂದ್ರ ಒಂದಿಲ್ಲೊಂದು ಫಜೀತಿ ಆಗಲೇಬೇಕು. ಕಂಪ್ಯೂಟರಿನ್ಯಾಗ ಗಾಡಿ ಬಿಡಿಭಾಗದ ನಕ್ಷಾ ತಗಿಯಾಕಿ ನಾನು. ಮಾಲಕರೂ ನಮ್ಮ ವಿಜಾಪುರದ ಕಡೆಯವರೇ. ಆಗ ಅವರಿಗೆ ಚಾಕಣದ ದೊಡ್ಡ ಕಂಪನಿಯ ಆರ್ಡರಿಂದೇ ಜಪ. ಅದು ತಪ್ಪಿದ್ರ ಕಾರ್ಖಾನಿಗೆ ಕೀಲಿ ಹಾಕಬೇಕಿತ್ತು.

ಪರೀಕ್ಷಾ

ನಕ್ಷಾ ಒಯ್ಯಾಕಂತ ಮಾಲಕರು ಪೆನ್ ಡ್ರೈವ್ ತಂದ್ರು. ಹೆಬ್ಬೆರಳಿನ ಉಗುರಿನಷ್ಟ ಅದ!

"ಮಾಲಕ್ರ, ಎಲ್ಲಾ ನಕ್ಷಾ ಇದರಾಗ ಹಿಡೀತಾವೇನ್ರಿ?" ಅಂದೆ.

"ಹಿಡೀತಾವ. ಭಾಳ ಗಟ್ಟಿ ಅದವಾ! ಬಿದ್ರೂ ಒಡೆಯೂದಿಲ್ಲ, ನೀರಾಗ ಹಾಕಿದ್ರೂ ಕೆಡೂದಿಲ್ಲಂತ" ಅಂದವರೇ, ಖಾತ್ರಿ ಮಾಡ್ಕೊಳ್ಳಾಕ ಮಾಳಿಗಿ ಮ್ಯಾಲಿಂದ ಒಗದೇಬಿಟ್ರು. ಒಡೀಲಿಲ್ಲ, ಖರೆ. ಆದ್ರ ಬಿದ್ದದ್ದು ಲೇಥ್ ಮಷೀನಿನ ಕಬ್ಬಿಣದ ಚೂರಿನ ರಾಶಿಯೊಳಗ. ಸಂಜೀತನಕ ಇಡೀ ಕಾರ್ಖಾನಿ ಜರಡಿ ಹಿಡಕೊಂಡು ಕೂತಿತ್ತು.

ಪೂಜಾ

ಮರುದಿನ ಖಂಡೇನವಮಿ. ಮಷೀನು, ಪಾನಾ, ಸುತಗಿ ಜೋಡಿ ಪೆನ್ ಡ್ರೈವಿಗೂ ಪೂಜಾ ಆತು. ಆಮ್ಯಾಲೆ ಕಂಪ್ಯೂಟರಿಗೆ ಹಚ್ಚಿದ್ರ ಅದು ಗುರ್ತಾನೇ ಹಿಡೀವಲ್ದು. ತಗದು ನೋಡ್ತೀನಿ, ಬಾಯಿತುಂಬ ಭಂಡಾರ-ಕುಂಕುಮ ಮೆತ್ತದ! ನನಗ ಸಿಟ್ಟು ನೆತ್ತಿಗೇರ್ತು. ಹಲ್ಲುಜ್ಜೋ ಬ್ರಶ್ಶಿಲೆ ತಿಕ್ಕಿಕೋತ ಅಂದೆ: "ಅರಿಷಿಣ-ಕುಂಕುಮ ಆತು, ಇನ್ನ ಇದಕ್ಕ ಉಡಿ ತುಂಬೂದೊಂದು ಉಳದದ ನೋಡ್ರಿ!"

ಚಾಕಣ

ನಕ್ಷಾ ಎಲ್ಲಾ ತುಂಬಿಕೊಟ್ಟ ಮ್ಯಾಲೆ, ಮತ್ತ ಕಳೀಬಾರದಂತ ಮಾಲಕರು ಮನಿ ಕೀಲಿಕೈ ಕಟ್ಟೋ ಹಂಗ ಅದನ್ನ ಜನಿವಾರಕ್ಕ ಕಟ್ಕೊಂಡ್ರು. ಸ್ನಾನ, ಸಂಧ್ಯಾವಂದನಿ ಎಲ್ಲಾ ಅದರ ಜೋಡೀನೇ.

ಚಾಕಣಕ್ಕ ಹೋದ್ವಿ. ಕಂಪನಿ ಸಾಹೇಬರು ಇನ್ನೂ ತಮ್ಮ ಖೋಲಿಗೆ ಬಂದಿದ್ದಿಲ್ಲ. ಬಿಚ್ಚಾಕ ಹೋದ್ರ ದಿನಾ ನೀರು ಕುಡದ ಗಂಟು ಬಿಗದು ಕೂತದ. ಪರ್ಸಿನ್ಯಾಗಿನ ಕತ್ರಿ ತಗದೆ.

"ಜನಿವಾರ ಕತ್ತರಸ್ತೀಯೇನ? ಶಿವ ಶಿವಾ!" ಅಂತ ಮಾಲಕರು ಅಂಗಿ ಗುಂಡಿ ಬಿಚ್ಚಿ, ಮೇಜಿನ ಬುಡಕ ನುಗ್ಗಿ, ಪೆನ್ ಡ್ರೈವ್ ಅಲ್ಲಿದ್ದ ಕಂಪ್ಯೂಟರ್ ಡಬ್ಬಿಗೆ ಚುಚ್ಚಿ, ಅದರ ಜೋಡಿ ತಾವೂ ಅಲ್ಲೇ ಕೂತ್ರು. ಅಷ್ಟು ಸಲ ಮಿಂದಿದ್ರೂ ಅದು ಛಲೋ ನಡೀತು.

ಸಾಹೇಬರು ಬಂದ್ರು. ಒಂದೊಂದೇ ನಕ್ಷಾ ತೋರಿಸ್ದೆ. ಅವರಿಗೆ ಭಾಳ ಸೇರ್ತು. "ಆರ್ಡರ್ ನಿಮಗೇ" ಅಂದ್ರು ಮರಾಠಿಯೊಳಗ. "ನಮ್ಮ ಎಂಜಿನಿಯರು ಸಂಜಿಗೆ ನೋಡ್ತಾರ, ಪೆನ್ ಡ್ರೈವ್ ಇಲ್ಲೇ ಬಿಟ್ಟು ಹೋಗ್ರಿ."

ಮೇಜಿನ ಬುಡಕಿಂದ ದನಿ ಬಂತು: "ಸಂಜೀತನಕ ಕೂಡ್ತೀನ್ರಿ ಸಾಹೇಬ್ರ, ಅಡ್ಡಿಯಿಲ್ಲ. ಊಟದ್ದೊಂದು ವ್ಯವಸ್ಥಾ ಮಾಡ್ರಿ!"