ನಾನೂರೈವತ್ತರ ರೆಗ್ಯುಲೇಟರ್

ತಾರಸಿಯ ಮೇಲೆ ಹಳೇ ಸೀರೆ ಹಾಸಿ ಚನ್ನಾಜಮ್ಮ ಒಣಹಾಕಿದ್ದ ಅರಳು ಸಂಡಿಗೆಯಲ್ಲಿ ಅರ್ಧದಷ್ಟು ಶನಿವಾರ ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಮಾಯವಾಗಿತ್ತು. ಉಳಿದರ್ಧವನ್ನು ಕೋತಿಗಳು ತುಳಿದುಹಾಕಿದ್ದವು. ಚನ್ನಾಜಮ್ಮ ಸೀರೆಯನ್ನು ಹಾಗೇ ಗಂಟು ಕಟ್ಟಿ ತಂದು, ಕೋರ್ಟಿನಲ್ಲಿ ಸಾಕ್ಷಿ ಒಪ್ಪಿಸುವವರ ಹಾಗೆ, ಎದುರುಮನೆಯ ಪುಟ್ಟಬಸವಯ್ಯನ ಜಗಲಿಯ ಮೇಲೆ ಬಿಚ್ಚಿದರು.

"ನೋಡಪ್ಪ ಬಸವಯ್ಯ, ನಿಮ್ಮನೆ ನೆಂಟ್ರು ಮಾಡಿರೋ ಕೆಲ್ಸ."

"ಅವು ನಮ್ಮನೇವಲ್ಲ ಕಣಕ್ಕ," ಅಂದ ಬಸವಯ್ಯ.

ನಂಜನಗೂಡಿನ ಆ ಬೀದಿಯಲ್ಲಿ ಕೋತಿಗಳಿಗೆ ಎಂದೂ ಬರವಿರಲಿಲ್ಲ. ಆದರೆ ಅಷ್ಟೂ ಬಸವಯ್ಯನ ಮನೆ ನೆಂಟರೆಂದು ಹೆಸರಾದದ್ದು ಅವನ ಹೆಂಡತಿ ಗುರುಬಸಮ್ಮನಿಂದ. ಮಕ್ಕಳಿಲ್ಲದ ಮನೆ. ಎಡಗೈ ಸೊಟ್ಟಗಿದ್ದ ಒಂದು ಮುದಿ ಹೆಣ್ಣು ಕೋತಿ ದಿನವೂ ಬೆಳಗ್ಗೆ ಅಡುಗೆಮನೆಯ ಕಿಟಕಿಗೆ ಬರುತ್ತಿತ್ತು. ಗುರುಬಸಮ್ಮ ಅದಕ್ಕೆ ಸೊಟ್ಟಿ ಎಂದು ಹೆಸರಿಟ್ಟು, ಬಿಸಿ ರೊಟ್ಟಿಯನ್ನು ಆರಿಸಿ ಚೂರು ಮಾಡಿ ಕೊಡುತ್ತ, ಗಂಡನಿಗೂ ಹೇಳದ ಸಂಗತಿಗಳನ್ನೆಲ್ಲ ಅದರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಹೋದ ಶ್ರಾವಣದಲ್ಲಿ ಅವಳಿಗೆ ಕಾಮಾಲೆ ಹಿಡಿಯಿತು. ಮೈಸೂರಿನ ಆಸ್ಪತ್ರೆಯೊಳಗೆ ನಡೆದುಕೊಂಡೇ ಹೋದವಳು ನಡೆದುಕೊಂಡು ಬರಲಿಲ್ಲ.

ಸೊಟ್ಟಿಗೆ ಇದನ್ನು ಯಾರೂ ತಿಳಿಸಲಿಲ್ಲ. ಅದು ಬರುವುದನ್ನು ಬಿಡಲಿಲ್ಲ. ಈಗ ಬಸವಯ್ಯನೇ ರೊಟ್ಟಿ ತಟ್ಟುತ್ತಿದ್ದ. ಸರಿಯಾಗಿ ಬೆಂದಿರದಿದ್ದರೆ ಸೊಟ್ಟಿ ಮೂಸಿ ನೋಡಿ ಅವನ ಕಡೆಗೇ ಎಸೆಯುತ್ತಿತ್ತು. ಆಮೇಲೆ ಸರಳುಗಳ ನಡುವೆ ಮುಖವಿಟ್ಟು, ಅವನನ್ನು ದಾಟಿ, ಒಳಗೆ ಇಣುಕಿ ನೋಡುತ್ತಿತ್ತು. ತುಂಬ ಹೊತ್ತು ನೋಡುತ್ತಿತ್ತು. "ಇಲ್ಲ ಕಣವ್ವ, ಅವಳಿಲ್ಲ," ಎಂದು ಬಸವಯ್ಯ ದಿನಾ ಹೇಳುತ್ತಿದ್ದ. ಬೀದಿಯವರು ಗುರುಬಸಮ್ಮನ ಮಾತೆತ್ತುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಅವಳೆಲ್ಲಿ ಎಂದು ಕೇಳುವುದಕ್ಕೆ ಉಳಿದಿದ್ದದ್ದು ಸೊಟ್ಟಿ ಒಂದೇ.

ಚನ್ನಾಜಮ್ಮನ ಹಿಂದೆಯೇ ಅವರ ಯಜಮಾನರು, ಅಕ್ಕಿ ಮಂಡಿಯ ಶಿವಮಲ್ಲಪ್ಪನವರು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಬೀದಿಯ ಯಾವ ತೊಂದರೆಗೂ ಅವರಲ್ಲಿ ಉಪಾಯವಿರುತ್ತಿತ್ತು, ಅದನ್ನು ನಡೆಸುವ ಕೆಲಸ ಮಾತ್ರ ಬೇರೆಯವರದ್ದು.

"ಬಸವಯ್ಯ, ಕೇಳಿಲ್ಲಿ. ಕೋತಿ ಹಿಡಿಯೋ ಚಿಕ್ಕಮಾದೂನ ಕರ್ಸು ಅಂತ ಬೀದಿಯವ್ರೆಲ್ಲ ಗಂಟುಬಿದ್ದವ್ರೆ. ಬೋನಿಗೆ ಹಾಕ್ಕೊಂಡು ಕಾಡಿಗೆ ಬಿಟ್ಟುಬರ್ತಾನೆ. ನಾನೇ ತಡೆದಿದ್ದೀನಿ."

ಬಸವಯ್ಯನಿಗೆ ಸೊಟ್ಟಿಯ ನೆನಪಾಯಿತು. ಬೀದಿಯ ರೊಟ್ಟಿ ತಿಂದು ಮುದಿಯಾದ ಸೊಟ್ಟಕೈಯ ಜೀವ ಕಾಡಿನಲ್ಲಿ ಎಷ್ಟು ದಿನ ಬದುಕೀತು?

"ಬೇಡಿ ಅಣ್ಣ. ಬೇರೆ ಏನಾದ್ರೂ ಮಾಡೋಣ."

"ಅದಕ್ಕೇ ಇದು," ಎಂದು ಶಿವಮಲ್ಲಪ್ಪ ಚೀಲದಿಂದ ಒಂದು ಕರೀ ಬಂದೂಕನ್ನೂ ಒಂದು ಗಿಡ್ಡ ಸಿಲಿಂಡರನ್ನೂ ತೆಗೆದು ಜಗಲಿಯ ಮೇಲಿಟ್ಟರು. ಅವರ ತಂಗಿ ಮಗ ಮದನ್, ತಲಕಾಡಿಗೆ ಬರುವ ಪ್ರವಾಸಿಗಳನ್ನು ನಂಬಿಕೊಂಡು ನರಸೀಪುರದ ಹೊರಗೆ ಬಣ್ಣದ ಗುಂಡು ಹೊಡೆಯುವ ಆಟದ ಮೈದಾನ ತೆರೆದಿದ್ದ. ಪೇಂಟ್‌ಬಾಲ್ ಅಂತ ಅದರ ಹೆಸರು. ಪ್ರವಾಸಿಗಳು ದೇವರ ದರ್ಶನ ಮಾಡಿ, ಮರಳಲ್ಲಿ ನಡೆದು, ಊಟಕ್ಕೆ ಹೊರಟುಹೋಗುತ್ತಿದ್ದರು. ಬಣ್ಣ ಬಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಮೈದಾನ ಮುಚ್ಚಿತ್ತು, ಒಂದು ಬಂದೂಕು ಮಾವನ ಮನೆಗೆ ಬಂದಿತ್ತು.

"ಗಾಳೀಲೇ ಹೊಡಿಯೋ ಬಂದೂಕು. ಎರಡು ಸಲ ಬಣ್ಣ ಬಿದ್ರೆ ಕೋತಿ ಈ ಕಡೆ ತಲೆ ಹಾಕಲ್ಲ. ಆದ್ರೆ ಸಿಲಿಂಡರಿನ ತಲೆ ಮೇಲೆ ಒಂದು ರೆಗ್ಯುಲೇಟರ್ ಬೇಕಂತೆ, ಅದಿಲ್ಲ. ಸರಿಯಾದ್ದು ಆರಿಸ್ಕೊಂಡು ಬಾ. ಸಾಯಂಕಾಲದೊಳಗೆ ಆಗ್ಬೇಕು, ಇಲ್ದಿದ್ರೆ ಚಿಕ್ಕಮಾದೂನೇ ಗತಿ."

ತಾಂಡ್ಯದ ಕಾರ್ಖಾನೆಯೊಂದರಲ್ಲಿ ಲಾರಿ ತೂಕ ಹಾಕಿಸುವುದು ಬಸವಯ್ಯನ ಕೆಲಸ. ರಜಾ ಹೇಳಿ ಚೀಲ ಹೆಗಲಿಗೇರಿಸಿದ. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯವನು ರೆಗ್ಯುಲೇಟರ್ ಅಂದ ಕೂಡಲೇ ಫ್ಯಾನಿನದ್ದನ್ನು ತೆಗೆದಿಟ್ಟು, "ಐದು ಸ್ಪೀಡ್ ಬತ್ತದೆ," ಅಂದ. ಕೋತಿಗೆ ಅಂತ ಬಸವಯ್ಯ ಹೇಳಿದ ಮೇಲೆ ಅದನ್ನು ಮೆಲ್ಲಗೆ ಒಳಗಿಟ್ಟ. ಒಲೆ ರಿಪೇರಿ ಅಂಗಡಿಯವನು ಗ್ಯಾಸಿನ ರೆಗ್ಯುಲೇಟರನ್ನು ಸಿಲಿಂಡರಿನ ಬಾಯಿಗೆ ಹಿಡಿದು ನೋಡಿ, "ಅಡುಗೆ ಬದಲಾಯಿಸಿ ಸಾ, ಇದಲ್ಲ," ಎಂದು ಅರ್ಥವಾಗದ ಸಲಹೆ ಕೊಟ್ಟ. ವೆಲ್ಡಿಂಗ್ ಶಾಪಿನವನು ಮಾತ್ರ ಸಿಲಿಂಡರನ್ನು ತಿರುಗಿಸಿ ನೋಡಿ, "ಇದ್ರ ಥ್ರೆಡ್ಡೇ ಬೇರೆ. ಬಲವಂತ ಮಾಡುದ್ರೆ ನಿಮ್ಮನ್ನ ಕರ್ಕೊಂಡೇ ಓಯ್ತದೆ," ಎಂದು ಕೈಮುಗಿದ.

ಬಸವಯ್ಯ ನರಸೀಪುರದ ಬಸ್ಸು ಹತ್ತಿದ.

ಟಿಕೆಟ್ಟಿಗೆ ಬಂದ ಕಂಡಕ್ಟರ್ ಚೀಲದ ಬಾಯಿಂದ ಹೊರಗೆ ಇಣುಕುತ್ತಿದ್ದ ನಳಿಗೆ ನೋಡಿ ನಿಂತುಬಿಟ್ಟ. "ಏನ್ರೀ ಅದು?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಸವಯ್ಯ, "ಬಂದೂಕು," ಅಂದ.

ಸುತ್ತಲ ಸೀಟುಗಳೆಲ್ಲ ಒಂದೇ ಉಸಿರಿಗೆ ಖಾಲಿಯಾದವು. ನಿಂತಿದ್ದವರು ಕೂಡ ಕೂರಲಿಲ್ಲ. "ಕೋತಿಗೆ ಕಣ್ರೀ, ಬಣ್ಣದ್ದು," ಎಂದು ಅವನು ವಿವರಿಸಿದಷ್ಟೂ ಜನ ಹಿಂದೆ ಸರಿದರು. ಡ್ರೈವರ್ ಗಾಡಿ ನಿಲ್ಲಿಸಿ ಬಂದು ನೋಡಿದ. ಕೊನೆಗೆ ಕಂಡಕ್ಟರ್, ಏನೂ ಮಾಡಲು ತೋಚದೆ, ಬಂದೂಕಿಗೆ ಲಗೇಜ್ ಟಿಕೆಟ್ ಹರಿದು ಕೊಟ್ಟ. ಒಬ್ಬ ಮುದುಕಿ ಮಾತ್ರ ಎದ್ದಿರಲಿಲ್ಲ. ಅವನ ಪಕ್ಕಕ್ಕೆ ಜರುಗಿ, "ನಮ್ಮೊಲಕ್ಕೆ ಅಂದಿ ಬತ್ತವೆ ಕಣಪ್ಪ. ಅದ್ಕೂ ಒಂದ್ಸಲ ಒಡ್ಕೊಟ್ಟು ಓಗು," ಎಂದು ಊರು ತಲುಪುವವರೆಗೂ ಅಂಗಲಾಚಿದಳು.

ಮದನ್ ತನ್ನ ಮೈದಾನದ ಶೆಡ್ಡಿನಲ್ಲಿ ಹಳೇ ಸಾಮಾನಿನ ಮಧ್ಯೆ ಕೂತಿದ್ದ. ಗಿರಾಕಿ ಬಂದನೆಂದು ದಡಬಡಿಸಿ ಎದ್ದವನು, ವಿಷಯ ತಿಳಿದು ಮತ್ತೆ ಕೂತ. ಆದರೂ ತನ್ನ ವಿದ್ಯೆಯ ಬಗ್ಗೆ ಒಬ್ಬರಾದರೂ ಕೇಳಲು ಬಂದರಲ್ಲ ಎಂದು ಅವನಿಗೆ ಖುಷಿಯಾದ ಹಾಗಿತ್ತು. ಡಬ್ಬಿಯಿಂದ ಎರಡು ಹಿತ್ತಾಳೆ ರೆಗ್ಯುಲೇಟರ್ ತೆಗೆದು ಮೇಜಿನ ಮೇಲಿಟ್ಟ.

"ನೋಡಿ ಅಂಕಲ್, ಸಿಲಿಂಡರ್ ಒಳಗೆ ಮೂರು ಸಾವಿರದ ಪ್ರೆಶರ್ ಇರ್ತದೆ. ಅಷ್ಟನ್ನೂ ಒಟ್ಟಿಗೆ ಬಿಟ್ರೆ ಬಂದೂಕೇ ಹೋಗ್ತದೆ. ಈ ದೊಡ್ಡದು ಅದನ್ನ ಎಂಟ್ನೂರಕ್ಕೆ ಇಳಿಸಿ ಕೊಡ್ತದೆ. ಈ ಚಿಕ್ಕದು ನಾನೂರೈವತ್ತಕ್ಕೆ, ಅದು ಬೇರೆ ಜಾತಿ ಬಂದೂಕಿಗೆ. ನಿಮ್ಮದಕ್ಕೆ ಎಂಟ್ನೂರರದ್ದೇ ಆಗ್ಬೇಕು."

"ಚಿಕ್ಕದು ಹಾಕಿದ್ರೆ?"

"ಗುಂಡು ಆಚೆ ಬರೋದೇ ಕಷ್ಟ. ಬಂದ್ರೂ ಕಾಲ್ಬುಡಕ್ಕೆ ಬೀಳ್ತದೆ."

ಮದನ್ ದೊಡ್ಡ ರೆಗ್ಯುಲೇಟರ್ ಇದ್ದ ತನ್ನ ಬಂದೂಕಿನಿಂದ ಬೇಲಿಯ ತಗಡಿಗೆ ಒಂದು ಗುಂಡು ಹೊಡೆದು ತೋರಿಸಿದ. ಢಣ್ಣೆಂದಿತು. ತಗಡು ನಗ್ಗಿ, ಕೇಸರಿ ಬಣ್ಣ ಕೆಳಗೆ ಇಳಿಯಿತು. ಬಸವಯ್ಯ ಹತ್ತಿರ ಹೋಗಿ ಆ ನಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಕೋತಿಗೆ ಬಿದ್ರೆ ಏನಾಗ್ತದೆ?"

"ಊದ್ಕೊಳ್ತದೆ ಅಷ್ಟೆ. ಮುದಿ ಗಿದಿಯಾಗಿದ್ರೆ ಮೂಳೆ ಹೋದ್ರೂ ಹೋಯ್ತು."

ಬಸವಯ್ಯ ವಾಪಸು ಬಂದು ಮೇಜಿನ ಮುಂದೆ ನಿಂತ. ಲಾರಿಗಟ್ಟಲೆ ಸರಕನ್ನು ದಿನವೂ ತೂಗಿಸುವವನು, ಅಂಗೈಯಗಲದ ಆ ಎರಡು ಹಿತ್ತಾಳೆ ತುಂಡುಗಳನ್ನು ಎತ್ತಿ ಎತ್ತಿ ನೋಡಿದ. ಬೀದಿಯ ಮಾತೂ ನಡೆಯಬೇಕು, ಸೊಟ್ಟಿಯ ಮೈಮೇಲೆ ಒಂದು ಗುಂಡೂ ಬೀಳಬಾರದು. ಶಬ್ದ ಕೇಳಿದರೆ ಸಾಕು, ಕೋತಿಗಳು ಹೆದರಿ ಓಡುತ್ತವೆ.

"ಚಿಕ್ಕದೇ ಹಾಕಪ್ಪ."

"ಅಂಕಲ್, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ನಮ್ಮ ತಾರಸಿ ಚಿಕ್ಕದು," ಅಂದ ಬಸವಯ್ಯ.

ಮದನ್ ಅವನ ಮುಖವನ್ನೊಮ್ಮೆ ನೋಡಿ, ರೆಗ್ಯುಲೇಟರನ್ನು ಸಿಲಿಂಡರಿಗೆ ಬಿಗಿದ. "ಗಾಳಿ ತುಂಬಿದ ಮೇಲೆ ಇದನ್ನ ಬಿಚ್ಚಬಾರದು, ಅಪಾಯ," ಎಂದು ಹೇಳಿ ಗಾಳಿ ತುಂಬಿಸಿ, ಒಂದು ಚೀಲ ಕೇಸರಿ ಗುಂಡುಗಳನ್ನೂ ಕೊಟ್ಟ.

ಸಾಯಂಕಾಲ ಬಸವಯ್ಯ ಬರುವ ಹೊತ್ತಿಗೆ ಬೀದಿಯ ಎಲ್ಲ ತಾರಸಿಗಳೂ ತುಂಬಿದ್ದವು. ಚನ್ನಾಜಮ್ಮ ತಮ್ಮ ತಾರಸಿಯ ಮೇಲೆ ಮತ್ತೊಂದು ಸಲ ಸಂಡಿಗೆ ಹರಡಿ, ಪಕ್ಕದಲ್ಲಿ ಕೋಲು ಹಿಡಿದು ಕಾವಲು ಕೂತಿದ್ದರು. ದೇವಸ್ಥಾನದ ಕಡೆಯಿಂದ ಮಾಮೂಲಿನ ಹಾಗೆ ಕೋತಿಗಳ ಹಿಂಡು ಬಂದು ನೀರಿನ ಟ್ಯಾಂಕಿನ ಮೇಲೆ ಕೂತಿತು. ಬಸವಯ್ಯ ಅವರ ತಾರಸಿಗೇ ಹತ್ತಿ ಒಂದೊಂದನ್ನೇ ನೋಡಿದ. ಸೊಟ್ಟಿ ಅದರಲ್ಲಿರಲಿಲ್ಲ. ಸಮಾಧಾನವಾಗಿ, ಬಂದೂಕನ್ನು ಹೆಗಲಿಗೆ ಆನಿಸಿ ಟ್ರಿಗರ್ ಎಳೆದ.

ಢಮಾರ್ ಎನ್ನುವುದೆಂದು ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರು. ಬಂದೂಕು ಬುಸ್ ಅಂದಿತು. ಹಲ್ಲಿಲ್ಲದ ಮುದುಕ ಎಲೆಯಡಿಕೆ ಉಗಿದ ಹಾಗೆ ಗುಂಡು ಎರಡು ಮಾರು ಮುಂದೆ ಬಿದ್ದು, ಒಡೆಯದೆ, ಉರುಳಿಕೊಂಡು ಹೋಗಿ ನಿಂತಿತು.

ಒಂದು ಮರಿಕೋತಿ ಇಳಿದು ಬಂದು ಅದನ್ನೆತ್ತಿ ಮೂಸಿತು. ಕಚ್ಚಿತು. ಗದ್ದದಿಂದ ಕೇಸರಿ ರಸ ಸುರಿಯಿತು. ರಸ ಸಿಹಿಯಾಗಿತ್ತೆಂದು ಕಾಣುತ್ತದೆ, ಮರಿ ಕೈ ನೆಕ್ಕಿಕೊಂಡು ಬಂದೂಕಿನ ಮುಂದೆ ಬಂದು ಕೂತಿತು.

"ಕೊಡಿಲ್ಲಿ, ಹಿಡಿಯೋಕೆ ಬರಲ್ಲ ನಿಂಗೆ," ಎಂದು ಶಿವಮಲ್ಲಪ್ಪ ಬಂದೂಕು ಕಿತ್ತುಕೊಂಡು ಒಂದೇ ಸಮನೆ ಹೊಡೆದರು. ಗುಂಡುಗಳು ಉದುರಿದಷ್ಟೂ ಕೋತಿಗಳು ಇಳಿದು ಬಂದವು. ಪಕ್ಕದ ಬೀದಿಯವೂ ಬಂದವು. ದಪ್ಪ ಗಡವಗಳು ಮದುವೆಮನೆಯ ಮೊದಲ ಪಂಕ್ತಿಯವರಂತೆ ಮುಂದೆ ಕೂತು, ಬಡಕಲು ಕೋತಿಗಳನ್ನು ಹಲ್ಲು ಕಿರಿದು ಓಡಿಸಿದವು. ಶಿವಮಲ್ಲಪ್ಪ ಕೈ ಸೋತು ನಿಲ್ಲಿಸಿದರೆ ಒಂದು ಗಡವ ಬಂದೂಕಿನ ನಳಿಗೆಯನ್ನೇ ಹಿಡಿದು ಅಲ್ಲಾಡಿಸಿತು.

ಬಸವಯ್ಯನಿಗೆ ನಗು ಬಂತು. ಹೆಂಡತಿ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಆ ನಗು ಮುಗಿಯುವ ಮೊದಲೇ ಶಿವಮಲ್ಲಪ್ಪನವರ ಹಿತ್ತಿಲಲ್ಲಿ ಕಬ್ಬಿಣದ ಬಾಗಿಲು ಧಡಾರೆಂದು ಬಿದ್ದ ಸದ್ದಾಯಿತು.

"ಬಿತ್ತು," ಅಂದರು ಶಿವಮಲ್ಲಪ್ಪ.

"ಏನಣ್ಣ?"

"ನಿನ್ನೊಬ್ಬನ್ನೇ ನಂಬ್ಕೊಂಡು ಕೂರಕ್ಕಾಯ್ತದಾ? ಮಧ್ಯಾಹ್ನವೇ ಚಿಕ್ಕಮಾದೂನ ಕರ್ಸಿ ಬೋನು ಇಡ್ಸಿದ್ದೆ."

ಎಲ್ಲರೂ ಹಿತ್ತಿಲಿಗೆ ಓಡಿದರು. ಬಸವಯ್ಯ ಕೊನೆಗೆ ಹೋದ. ಬೋನಿನೊಳಗೆ, ಬಾಳೆಹಣ್ಣಿನ ಚಿಪ್ಪಿನ ಪಕ್ಕದಲ್ಲಿ, ಸೊಟ್ಟಿ ಕೂತಿತ್ತು. ತಾನು ಸಿಕ್ಕಿಬಿದ್ದಿರುವುದು ಅದಕ್ಕಿನ್ನೂ ತಿಳಿದಂತಿರಲಿಲ್ಲ. ನಿಧಾನವಾಗಿ ಹಣ್ಣು ಸುಲಿಯುತ್ತಿತ್ತು.

ಚಿಕ್ಕಮಾದು ತಲೆ ಕೆರೆದುಕೊಂಡ. "ಇಷ್ಟು ಕೋತಿ ಇದ್ದೂ ಒಂದೇ ಬಿತ್ತಲ್ಲ ಸಾವ್ಕಾರ್ರೆ. ಮೇಲುಗಡೆ ಎಲ್ಲುಕ್ಕೂ ಒಟ್ಟೆ ತುಂಬುಸ್ಬುಟ್ರಿ, ಬೋನ್ತಾವುಕ್ ಯಾವ್ದು ಬತ್ತದೆ? ಕಡೇಗ್ ಬಂದ ಇದೊಂದ್ಕೆ ಗಡವಗಳು ತಿನ್ನಕ್ಕೆ ಬುಡ್ನಿಲ್ಲ, ಅಸ್ಕೊಂಡು ಬಂದದೆ."

ಬಸವಯ್ಯ ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಸೊಟ್ಟಿ ಅವನನ್ನು ಗುರುತಿಸಿ ಹತ್ತಿರ ಸರಿಯಿತು.

"ಇದನ್ನ ಬಿಟ್ಬಿಡು ಮಾದು. ಏನೂ ಮಾಡಲ್ಲ ಇದು."

"ಸಿಕ್ಕಿರಾದೇ ಒಂದು. ಅದ್ನೂ ಬುಡು ಅಂದ್ರೆ ಎಂಗೆ ಬುದ್ದಿ?"

"ಇದು ನಮ್ಮನೇದು."

"ಬೆಳಗ್ಗೆ ಕೇಳಿದಾಗ ನಮ್ಮನೇವಲ್ಲ ಅಂದ್ಯಲ್ಲಪ್ಪ," ಅಂದರು ಚನ್ನಾಜಮ್ಮ. ಯಾರೋ ನಕ್ಕರು. ಚನ್ನಾಜಮ್ಮ ಬಸವಯ್ಯನ ಮುಖ ನೋಡಿದರು. ಅವರಿಗೂ ಗುರುಬಸಮ್ಮನ ನೆನಪು ಬಂದಿರಬೇಕು, ಸೆರಗು ಎಳೆದುಕೊಂಡು ಒಳಗೆ ಹೋದರು.

ಬೋನನ್ನು ಟೆಂಪೊಗೆ ಏರಿಸಿದರು. ಚಿಕ್ಕಯ್ಯನಛತ್ರ ದಾಟಿ, ಕಾಡಿನಂಚಿಗೆ ಬಿಟ್ಟುಬರುವುದೆಂದು ಚಿಕ್ಕಮಾದು ಹೇಳಿದ. "ಕಚ್ತದಾ ಬುದ್ದಿ ಇದು?" ಎಂದು ಹೊರಡುವ ಮುಂಚೆ ಕೇಳಿದ.

"ಇಲ್ಲಪ್ಪ," ಅಂದ ಬಸವಯ್ಯ. "ಬೇಯದೇ ಇರೋ ರೊಟ್ಟಿ ಕೊಟ್ರೆ ಎಸೀತದೆ, ಅಷ್ಟೆ."

ಟೆಂಪೊ ಬೀದಿಯ ತಿರುವಿನಲ್ಲಿ ಮರೆಯಾಯಿತು. ಬಸವಯ್ಯ ಅಲ್ಲೇ ನಿಂತಿದ್ದ. ನರಸೀಪುರದಲ್ಲಿ ದೊಡ್ಡದನ್ನೇ ಆರಿಸಿದ್ದರೆ ಹಿಂಡೆಲ್ಲ ಹೆದರಿ ಚದರುತ್ತಿತ್ತು, ಜೊತೆಗೆ ಸೊಟ್ಟಿಯೂ ಎಲ್ಲೋ ಓಡಿ ಬದುಕಿಕೊಳ್ಳುತ್ತಿತ್ತು. ಒಂದು ಪೆಟ್ಟೂ ಬೀಳದಿರಲಿ ಎಂದು ಅವನೇ ಕೈಯಾರೆ ಚಿಕ್ಕದನ್ನು ಆರಿಸಿದ್ದ.

ಶಿವಮಲ್ಲಪ್ಪನವರು ಮತ್ತೊಮ್ಮೆ ತಾರಸಿ ಹತ್ತಿ ನೋಡಿ ಇಳಿದು ಬಂದರು. ಮುಖ ಅರಳಿತ್ತು.

"ಬಸವಯ್ಯ, ಒಂದು ವಿಷಯ ನೋಡಿದ್ಯಾ? ಅಷ್ಟೂ ಕೋತಿ ಇದ್ವು, ಒಂದಾದ್ರೂ ಸಂಡಿಗೆ ಮುಟ್ಲಿಲ್ಲ. ಹೊಟ್ಟೆ ತುಂಬಿದ್ರೆ ತಂಟೆಗೇ ಬರಲ್ಲ ಅವು. ಬೀದಿಯವ್ರೆಲ್ಲ ಮಾತಾಡ್ಕೊಂಡಿದ್ದೀವಿ. ದಿನಾ ಸಾಯಂಕಾಲ ಅವಕ್ಕೆ ಗುಂಡು ಹಾಕೋ ಕೆಲ್ಸ ನಿಂದು. ಕೋತಿಗೆ ಹಾಕಿ ಅಭ್ಯಾಸ ಇರೋ ಮನೆ ನಿಮ್ದೇ ಅಲ್ವಾ? ಮದನ್ ಹತ್ರ ಗುಂಡು ಗೋಣಿಗಟ್ಟಲೆ ಬಿದ್ದದೆ. ರೆಗ್ಯುಲೇಟರ್ ಮಾತ್ರ ಬದಲಾಯಿಸ್ಬೇಡ, ಸರಿಯಾದ್ದೇ ಆರಿಸಿದ್ದೀಯ."

ಬಂದೂಕನ್ನು ಅವನ ಕೈಗಿತ್ತು, "ನಾಳೆ ಭಾನುವಾರ, ನಿಂಗೆ ರಜಾ. ಸ್ವಲ್ಪ ಬೇಗನೇ ಶುರುಮಾಡು," ಅಂದರು.

"ಆಗಲಿ ಅಣ್ಣ," ಅಂದ ಬಸವಯ್ಯ.

ತಾರಸಿಯ ಅಂಚಿನಲ್ಲಿ ಕೇಸರಿ ಬಾಯಿಯ ಕೋತಿಗಳು ಸಾಲಾಗಿ ಕೂತು, ಬಹಳ ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದವು.