ಹಿಂದಿನ ಸೀಟಿನ ತೂಕ

ಗೆ,
ಮುಖ್ಯಸ್ಥರು, ತೂಕ ಇಳಿಕೆ ವಿಭಾಗ,
ನನ್ನ ಗಂಡ ಮೆಚ್ಚಿದ ಸ್ನೋಮೊಬೈಲ್ ಕಂಪನಿ.

ಮಾನ್ಯರೇ,

ನ್ಯೂಜೆರ್ಸಿಯ ಕ್ರ್ಯಾನ್‌ಬರಿಯ ಒಂದು ಗ್ಯಾರೇಜಿನಿಂದ ತಮಗೂ ತಮ್ಮ ಕಾರ್ಖಾನೆಯ ಸಮಸ್ತರಿಗೂ ಆದರದ ನಮಸ್ಕಾರಗಳು. ದೂರಿಗೆ ಮುಂಚೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮೊದಲ ಕರಡಿನಲ್ಲಿ ಅದನ್ನು ಬರೆದು ಹೊಡೆದುಹಾಕಿದ್ದೆ, ಎರಡನೆಯದರಲ್ಲಿ ಬರೆಯುವ ಧೈರ್ಯವನ್ನೇ ಮಾಡಲಿಲ್ಲ. ನನಗೆ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ತಮ್ಮ ಈ ಬೈಕು, ಇಷ್ಟ. ಓಡಿಸುವುದಲ್ಲ, ಹಿಂದೆ ಕೂರುವುದು. ಈ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮನೆಯವರ ಪ್ರಕಾರ ನಾನು ಪೆಟ್ರೋಲ್ ವಾಸನೆಗೆ ಮೂಗು ಮುಚ್ಚುವವಳು, ಟ್ರೈಲರ್ ಎಳೆದುಕೊಂಡು ಹಿಮ ಬೀಳುವ ಅಪ್‌ಸ್ಟೇಟ್ ನ್ಯೂಯಾರ್ಕಿನವರೆಗೆ ಹೋಗುವಷ್ಟು ಹೊತ್ತೂ ಗೊಣಗುವವಳು. ಎರಡೂ ನಿಜ. ಆದರೆ ಅದರಿಂದ ಅವರು ತೆಗೆದ ತೀರ್ಮಾನ ನಿಜವಲ್ಲ.

ಮುಂದಿನ ವರ್ಷದ ಮಾಡೆಲ್ ಕುರಿತ ತಮ್ಮ ಪ್ರಕಟಣೆ ಬಂದಂದಿನಿಂದ ನಮ್ಮ ಗ್ಯಾರೇಜಿನಲ್ಲಿ ಪ್ರತಿ ಶನಿವಾರ ಸಭೆ ಸೇರುತ್ತಿದೆ. ಔಷಧ ಕಂಪನಿಯಲ್ಲಿ ಅಂಕಿಅಂಶಗಳ ಕೆಲಸ ಮಾಡುವ ನನ್ನ ಗಂಡ ಶ್ರೀಕರ್, ನಿವೃತ್ತ ಹೃದಯ ವೈದ್ಯರಾದ ಧಾರವಾಡದ ಸತ್ಯನಾರಾಯಣ ಅಂಕಲ್, ಮತ್ತು ಹೆದ್ದಾರಿಯ ಎಂಟು-ಎ ಎಕ್ಸಿಟ್ಟಿನ ಬಳಿಯ ಗೋದಾಮೊಂದರಲ್ಲಿ ರೋಬೋಟುಗಳನ್ನು ನೋಡಿಕೊಳ್ಳುವ, ಮುಂದಿನದೆಲ್ಲ ಬ್ಯಾಟರಿಯ ಕಾಲವೆಂದು ನಂಬಿರುವ ನಕುಲ್. ನಮ್ಮ ಹಳೆಯ ಯಂತ್ರದ ಸುತ್ತ ಮಡಚುವ ಕುರ್ಚಿಗಳಲ್ಲಿ ಕುಳಿತು, ನಾನು ಕರಿದ ಈರುಳ್ಳಿ ಬಜ್ಜಿ ತಿನ್ನುತ್ತ, ಈ ಮೂವರೂ ತಮ್ಮ ಕಂಪನಿಯ ತಂತ್ರಜ್ಞಾನದ ಭವಿಷ್ಯವನ್ನು ನಿರ್ಧರಿಸುತ್ತಾರೆ. ಈ ಚಳಿಗಾಲದಲ್ಲಿ ಹಿಮ ಸರಿಯಾಗಿ ಬೀಳದ್ದರಿಂದ ಯಂತ್ರ ಗ್ಯಾರೇಜ್ ಬಿಟ್ಟು ಕದಲಲಿಲ್ಲ, ಓಡಿದ್ದೆಲ್ಲ ಚರ್ಚೆಯೇ.

"ಏ ತಮ್ಮಾ, ನಡು ಅಡವ್ಯಾಗ ನಿನ್ನ ಬ್ಯಾಟರಿ ಮುಗದ್ರ ಚಾರ್ಜರ್ ಯಾರ ಹಂತ್ಯಾಕ ಕೇಳ್ತಿ, ಕರಡೀ ಹಂತ್ಯಾಕೇನು?" ಎಂದು ಅಂಕಲ್ ಕೇಳಿದರೆ, "ನಿಮ್ಮ ಟೂ-ಸ್ಟ್ರೋಕ್ ಹೊಗೆಗೆ ಕರಡಿ ಯಾವಾಗ್ಲೋ ಕೆನಡಾಗೆ ಮೂವ್ ಆಗಿದೆ, ಅಂಕಲ್" ಎನ್ನುತ್ತಾನೆ ನಕುಲ್. ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಇಂಚರಾ ಬಾಗಿಲಿನಿಂದ ಇಣುಕಿ, "ಡ್ಯಾಡ್, ಯೂ ಗೈಸ್ ನೋ ದೇರ್ ಈಸ್ ನೋ ಸ್ನೋ, ರೈಟ್?" ಎಂದು, ಹಿಮವೇ ಇಲ್ಲವೆಂಬುದನ್ನು ನೆನಪಿಸಿ ಹೋದಳು. ಸಭೆ ಮುಂದಿನ ವಿಷಯಕ್ಕೆ, ಅಂದರೆ ಎರಡನೆಯ ತಟ್ಟೆ ಬಜ್ಜಿಗೆ, ಹೋಯಿತು.

ಮಾನ್ಯರೇ, ತೂಕದ ವಿಷಯದಲ್ಲಿ ತಮ್ಮ ಇಲಾಖೆಗಿಂತ ನಾವೇ ಹೆಚ್ಚು ಅನುಭವಿಗಳೆಂದರೆ ಅಹಂಕಾರವೆಂದು ಭಾವಿಸಬಾರದು. ಬೆಂಗಳೂರಿಗೆ ಹೊರಡುವ ಮುನ್ನ ಐವತ್ತು ಪೌಂಡಿನ ಸೂಟ್‌ಕೇಸನ್ನು ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿ, ಯಾರಿಗೆ ತಂದ ಚಾಕೊಲೇಟು ಯಾರಿಗಿಲ್ಲವೆಂದು ನಿಂತ ನಿಲುವಿನಲ್ಲಿ ತೀರ್ಮಾನಿಸುವ ಜನ ನಾವು. ಅದೇ ತಕ್ಕಡಿ ಈಗ ಗ್ಯಾರೇಜಿಗೆ ಬಂದಿದೆ. ಹಳೆಯ ಯಂತ್ರದ ಗಾಳಿತಡೆ, ಕನ್ನಡಿ, ಸಲಕರಣೆ ಚೀಲ, ಒಂದೊಂದನ್ನೇ ಬಿಚ್ಚಿ ತೂಗಿದರು. ಕೊನೆಗೆ ಹಿಂದಿನ ಸೀಟು. ಒರಗು, ಹಿಡಿಕೆ ಎಲ್ಲ ಸೇರಿ ಇಪ್ಪತ್ತಾರು ಪೌಂಡು. "ನೋಡಿ, ಇಲ್ಲಿದೆ ಎಕ್ಸ್‌ಟ್ರಾ" ಎಂದಾಗ ಶ್ರೀಕರನ ಮುಖದ ಮೇಲಿದ್ದದ್ದು ವಿಮಾನ ನಿಲ್ದಾಣದಲ್ಲಿ ಉಪ್ಪಿನಕಾಯಿ ಬಾಟಲಿ ಹೊರತೆಗೆದವನ ನೆಮ್ಮದಿ. ಆ ಬಾಟಲಿಗಾದರೂ ಬೀಳ್ಕೊಡಲು ಬಂದವರ ಮನೆ ಇರುತ್ತದೆ. ನಾನು ಯಾರ ಕೈಚೀಲಕ್ಕೆ ಹೋಗಲಿ?

ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹೊಸ ಮಾಡೆಲ್ಲಿನಲ್ಲಿ ಹಿಂದಿನ ಸೀಟನ್ನು ತಾವೇ ತೆಗೆದುಹಾಕಿದ್ದೀರಿ. ಹಾಗೆ ಉಳಿದ ತೂಕದ ಜಾಗಕ್ಕೆ ದೊಡ್ಡ ಪರದೆ, ಟರ್ಬೊ, ಹೆಬ್ಬೆರಳು ಬೆಚ್ಚಗಿಡುವ ಏರ್ಪಾಡು, ಹಾಡು ಕೇಳಿಸುವ ಸ್ಪೀಕರು ಬಂದಿವೆ. ತೂಕ ಇಳಿದಂತೆಲ್ಲ ಬೆಲೆ ಏರಿದೆ. ಇಲ್ಲದಿರುವುದಕ್ಕೆ ಬೆಲೆ ಕಟ್ಟುವುದು ನಮ್ಮ ವೇದಾಂತಿಗಳಿಂದಲೂ ಆಗಿರಲಿಲ್ಲ.

ಆ ಪರದೆಯ ಬಗ್ಗೆ ಎರಡು ಮಾತು. ಅದು ಎಂಜಿನ್ನಿನ ಬಿಸಿ, ದಾರಿಯ ಇಳಿಜಾರು, ಮುಂದೆ ಹೋದ ಗೆಳೆಯರು ಯಾವ ತಿರುವಿನಲ್ಲಿದ್ದಾರೆಂಬುದನ್ನೆಲ್ಲ ತೋರಿಸುತ್ತದಂತೆ. ಹಿಂದೆ ಕುಳಿತವರು ಹೆದರಿ ಕೂಗುತ್ತಿದ್ದಾರೋ ಖುಷಿಗೆ ಕೂಗುತ್ತಿದ್ದಾರೋ ಎಂಬುದನ್ನೂ ಒಂದು ಮೂಲೆಯಲ್ಲಿ ತೋರಿಸಲು ಸಾಧ್ಯವೇ? ನಮ್ಮ ತೊಂದರೆಯೆಲ್ಲ ಅಲ್ಲೇ ಇದೆ. ಬಿಳಿಯ ಬಯಲಿಗೆ ಯಂತ್ರ ನುಗ್ಗಿದಾಗಲೆಲ್ಲ ನಾನು ಹೆಲ್ಮೆಟ್ಟಿನೊಳಗೆ ಜೋರಾಗಿ ಕಿರುಚುತ್ತೇನೆ. ಮುಂದೆ ಕುಳಿತ ಶ್ರೀಕರ್ ತಕ್ಷಣ ವೇಗ ಇಳಿಸುತ್ತಾನೆ. ಅದು ನನಗಾಗಿ ಅವನು ತೋರುವ ಕಾಳಜಿ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಯಂತ್ರಕ್ಕೇ ಏದುಸಿರು ಬಂತೆಂದುಕೊಂಡಿದ್ದೆ. ಮೊನ್ನೆ ಅವನು ಬಜ್ಜಿಯ ತಟ್ಟೆ ತೊಳೆಯುತ್ತ, "ನಿನಗೆ ಹೇಗೂ ಇಷ್ಟ ಇಲ್ವಲ್ಲ ಗಾರ್ಗಿ, ಮುಂದಿನ ಸಲದಿಂದ ನೀನು ಲಾಡ್ಜ್‌ನಲ್ಲಿ ಬೆಚ್ಚಗಿರು, ಪಾಪ" ಎಂದ. ಉಡುಗೊರೆ ಕೊಡುವವನ ದನಿ. ನಾನು ಅವನು ತೊಳೆದ ತಟ್ಟೆ ಒರೆಸಿಟ್ಟೆ. ಒಂದೇ ಸಿಂಕಿನ ಮುಂದೆ ನಿಂತವನಿಗೆ ಹೇಳಲಾಗದ್ದನ್ನು ಗುರುತಿಲ್ಲದ ಕಾರ್ಖಾನೆಗೆ ಬರೆಯುವುದು ಎಂಥ ಬುದ್ಧಿವಂತಿಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಶಾಲೆಯ ಇಂಗ್ಲಿಷ್ ಪಾಠದಲ್ಲಿ ನಮಗೆ ದೂರು ಬರೆಯಲು ಕಲಿಸಿದ್ದರು; ಬೇಕೆಂದು ಕೇಳಲು ಯಾರೂ ಕಲಿಸಿರಲಿಲ್ಲ.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು: ಹುಲ್ಲಿನ ಮೇಲೂ ಹಿಮವೆಂದು ನಂಬಿ ಓಡುವ ಯಂತ್ರವೊಂದನ್ನು ಕ್ರ್ಯಾನ್‌ಬರಿಗಾಗಿ ತಯಾರಿಸಬೇಕು. ಟರ್ಬೊ ಎಂಬ ಪದ ಒಂದೇ ಸಂಜೆ ಅತಿಯಾಗಿ ಕೇಳಿಬಂದರೆ ಗ್ಯಾರೇಜಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಇವೆರಡೂ ಆಗದಿದ್ದರೆ ಬೇಸರವಿಲ್ಲ. ತಮ್ಮ ಬುಕಿಂಗ್ ಪುಟದಲ್ಲಿ ಹಿಂದಿನ ಸೀಟನ್ನು ಪ್ರತ್ಯೇಕವಾಗಿ ಕೂಡಿಸಿಕೊಳ್ಳಬೇಕಾದವರು ಗುರುತು ಹಾಕಲೆಂದು ಒಂದು ಚಿಕ್ಕ ಚೌಕವಿದೆ. ಹೊಸ ಯಂತ್ರ ಕೊಳ್ಳಲು ಹೊರಟ ಶ್ರೀಕರ್ ಎಲ್ಲವನ್ನೂ ತುಂಬಿ, ಅದೊಂದನ್ನು ಖಾಲಿ ಬಿಟ್ಟಿದ್ದಾನೆ. ಆ ಚೌಕವನ್ನು ದಯವಿಟ್ಟು ಇನ್ನೂ ಸ್ವಲ್ಪ ದೊಡ್ಡದಾಗಿ, ಗಂಡಸರ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಮಾಡಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಗಾರ್ಗಿ ಶ್ರೀಕರ್

ಮರೆತ ಮಾತು: ಚರ್ಚೆಗೆ ನನ್ನದೂ ಕಾಣಿಕೆ ಇರಲೆಂದು ಬಾತ್‌ರೂಮಿನ ತಕ್ಕಡಿಯನ್ನು ಗ್ಯಾರೇಜಿಗೆ ಒಯ್ದು ಇಟ್ಟಿದ್ದೇನೆ. ಸಭೆಯ ಮೂವರು ಸದಸ್ಯರೂ ಅದನ್ನು ಹತ್ತಿ ಇಳಿದರೆ, ಇಪ್ಪತ್ತಾರು ಪೌಂಡನ್ನು ಬೇರೆಲ್ಲಿ ಉಳಿಸಬಹುದೆಂಬುದು ತಮ್ಮ ವಿಭಾಗದ ನೆರವಿಲ್ಲದೆಯೂ ತಿಳಿದೀತು. ಈ ಪತ್ರದ ಒಂದು ಪ್ರತಿ ಹಳೆಯ ಯಂತ್ರದ ಮೇಲಿದೆ, ಮತ್ತೆ ಜೋಡಿಸಿಟ್ಟ ಹಿಂದಿನ ಸೀಟಿನ ಮೇಲೆ. ಅದನ್ನು ಎತ್ತದೆ ಶ್ರೀಕರನಿಗೆ ಅಲ್ಲಿ ಏನನ್ನೂ ತೂಗಲಾಗದು. ತಮ್ಮ ಬುಕಿಂಗ್ ಏಪ್ರಿಲ್ ಹದಿನೈದಕ್ಕೆ ಮುಗಿಯುತ್ತದೆ. ಅವನು ಓದಿ ಆ ಚೌಕಕ್ಕೆ ಗುರುತು ಹಾಕಿದರೆ ಈ ಪತ್ರ ತಮ್ಮನ್ನು ತಲುಪುವುದೇ ಇಲ್ಲ. ಹಾಕದಿದ್ದರೆ, ಇದನ್ನು ಅಂಚೆಗೆ ಹಾಕುವ ದಿನ: ಏಪ್ರಿಲ್ ಹದಿನಾಲ್ಕು.